ಬಿಲ್ಲಲ್ಲಿದ್ದಷ್ಟಕ್ಕೂ ಸುಂಕ ಕಟ್ಟಿದ್ದೀವಲ್ಲ, ಮತ್ಯಾಕೆ ನೋಟಿಸ್?

ಪೀಣ್ಯದ ಸಣ್ಣ ಕಾರ್ಖಾನೆಗಳ ತೆರಿಗೆ ಕೆಲಸ ನೋಡಿಕೊಳ್ಳುತ್ತೇನೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದು ಹೆಚ್ಚಿನ ವಸ್ತುಗಳ ಮೇಲಿನ ಎಕ್ಸೈಸ್ ಸುಂಕ, ಅಂದರೆ ಕಾರ್ಖಾನೆಯಲ್ಲಿ ತಯಾರಾದ ಮಾಲಿಗೆ ಕೇಂದ್ರ ಹಾಕುತ್ತಿದ್ದ ತೆರಿಗೆ, ಹೋಯಿತು. ಹಳೇ ಕೇಸುಗಳು ಮಾತ್ರ ಹೋಗಲಿಲ್ಲ. ಹಾಗಾಗಿ ಈಗಲೂ ಈ ಪ್ರಶ್ನೆ ಬರುತ್ತದೆ: "ಸಾರ್, ಬಿಲ್ಲಲ್ಲಿ ಎಷ್ಟಿತ್ತೋ ಅಷ್ಟಕ್ಕೂ ಸುಂಕ ಕಟ್ಟಿದ್ದೀವಿ. ಆದ್ರೂ ಯಾಕೆ ನೋಟಿಸ್?"

ಒಂದು ಡೈ (ಶೀಟಿಗೆ ಆಕಾರ ಒತ್ತುವ ಅಚ್ಚು) ಕಥೆ ಹೇಳುತ್ತೇನೆ, ಅರ್ಥವಾಗುತ್ತದೆ.

ನನಗೆ ಗೊತ್ತಿರುವ ಒಬ್ಬರದು ಪ್ರೆಸ್ ಶಾಪ್. ಆರು ಪವರ್ ಪ್ರೆಸ್, ಹದಿನೈದು ಜನ. ದೊಡ್ಡ ಗಾಡಿ ಕಂಪನಿಯೊಂದಕ್ಕೆ ಬ್ರ್ಯಾಕೆಟ್ ಒತ್ತಿ ಕೊಡುತ್ತಿದ್ದರು. ಶೀಟ್ ಇವರದು. ಡೈ ಮಾತ್ರ ಕಂಪನಿಯೇ ಪುಕ್ಕಟೆ ಕೊಟ್ಟಿದ್ದು. ಅದರ ಮೈಮೇಲೆ ಕಂಪನಿಯ ಹೆಸರು, ನಂಬರ್ ಕೊರೆದಿತ್ತು. ಬ್ರ್ಯಾಕೆಟ್ಟಿಗೆ 40 ರೂಪಾಯಿ ಬಿಲ್, ಅದಕ್ಕೇ ಸುಂಕ.

2000ದ ಜುಲೈ 1ರಿಂದ ಮಾರಿದ ಬೆಲೆಯೇ ಸುಂಕದ ಬೆಲೆಯಾಗಿತ್ತು. ಆದರೆ ಷರತ್ತು ಇತ್ತು. ಆ ಬೆಲೆ ಬಿಟ್ಟು ಕೊಂಡವರಿಂದ ನಿಮಗೆ ಬೇರೇನೂ ಸಂದಿರಬಾರದು. ಪುಕ್ಕಟೆ ಡೈ ಅಂದರೆ ಏನೋ ಸಂದ ಹಾಗೇ ಲೆಕ್ಕ. ಸುಂಕದ ಬೆಲೆ ಹೇಗೆ ಲೆಕ್ಕ ಹಾಕಬೇಕು ಅನ್ನುವ ಎಕ್ಸೈಸ್ ಮೌಲ್ಯ ನಿಯಮಗಳಲ್ಲಿ 6ನೇ ನಿಯಮ ಇದನ್ನು ಬಿಡಿಸಿ ಹೇಳುತ್ತದೆ. ಡೈಗೆ 3 ಲಕ್ಷ, ಅದರಿಂದ 1 ಲಕ್ಷ ಪೀಸ್ ಬರುತ್ತವೆ ಅಂದುಕೊಳ್ಳಿ. ಪೀಸಿಗೆ 3 ರೂಪಾಯಿ. ಆಗ 43 ರೂಪಾಯಿಗೆ ಸುಂಕ ಕಟ್ಟಬೇಕಿತ್ತು. ಶೇ. 12.5ರ ದರದಲ್ಲಿ ಪೀಸಿಗೆ 37.5 ಪೈಸೆ ಕಡಿಮೆ ಬಿತ್ತು.

ಈ ಲೆಕ್ಕಕ್ಕೆ ನನ್ನ ತಕರಾರಿಲ್ಲ. ನನಗೆ ಸಂಕಟ ಆಗುವುದು ನೋಟಿಸಿನಲ್ಲಿ ಬರುವ ಒಂದು ಮಾತಿಗೆ: "ಇಲಾಖೆಯಿಂದ ಮುಚ್ಚಿಟ್ಟಿದ್ದೀರಿ." ಎಷ್ಟು ಹಿಂದಿನ ಬಾಕಿ ಕೇಳಬಹುದು ಅನ್ನುವುದಕ್ಕೆ ಮಾಮೂಲಿ ಅವಧಿ ಆಗ ಒಂದು ವರ್ಷ, 2016ರಲ್ಲಿ ಎರಡು ವರ್ಷ ಮಾಡಿದರು. "ಮುಚ್ಚಿಟ್ಟಿದ್ದೀರಿ" ಅನ್ನುವ ಮಾತು ಸೇರಿದರೆ ಐದು ವರ್ಷದ ಹಿಂದಿನದನ್ನೂ ಕೇಳಬಹುದಿತ್ತು. ಸುಂಕದಷ್ಟೇ ದಂಡ, ಮೇಲೆ ಬಡ್ಡಿ. ಇನ್ನೊಂದು ಪೆಟ್ಟು ಯಾರ ಕಣ್ಣಿಗೂ ಮೊದಲು ಬೀಳುವುದಿಲ್ಲ. ಇವರು ಆಗಲೇ ಆ 37.5 ಪೈಸೆ ಕಟ್ಟಿದ್ದರೆ ಗಾಡಿ ಕಂಪನಿ ಸೆನ್‌ವ್ಯಾಟ್ ಕ್ರೆಡಿಟ್ (ಕೊಂಡ ಮಾಲಿನ ಮೇಲೆ ಆಗಲೇ ಕಟ್ಟಿದ ಸುಂಕದ ಜಮಾ) ತಗೊಂಡು ತನ್ನ ಸುಂಕದಲ್ಲಿ ಕಳೆದುಕೊಳ್ಳುತ್ತಿತ್ತು. ಸರ್ಕಾರಕ್ಕೆ ಜಾಸ್ತಿ ಏನೂ ಉಳಿಯುತ್ತಿರಲಿಲ್ಲ. ನೋಟಿಸ್ ಬಂದ ಮೇಲೆ ಕಟ್ಟಿ, ಆ ವ್ಯತ್ಯಾಸಕ್ಕೆ ಪೂರಕ ಬಿಲ್ ಕೊಟ್ಟರೆ, ಮುಚ್ಚಿಟ್ಟ ಕೇಸು ಅಂತ ಗಾಡಿ ಕಂಪನಿಗೆ ಆ ಕ್ರೆಡಿಟ್ಟೂ ಸಿಗುತ್ತಿರಲಿಲ್ಲ. ಯಾರಿಗೂ ಲಾಭವಿಲ್ಲದ್ದನ್ನು ಯಾರಾದರೂ ಯಾಕೆ ಮುಚ್ಚಿಡುತ್ತಾರೆ, ಹೇಳಿ?

ಇವರ ಪ್ರತಿ ಪರ್ಚೇಸ್ ಆರ್ಡರಿನಲ್ಲೂ ಡೈ ತನ್ನದು ಅಂತ ಕಂಪನಿಯೇ ಬರೆದಿತ್ತು. ಎರಡು ಸಲ ಬಂದ ಇಲಾಖೆಯ ಆಡಿಟ್‌ನವರು ಅದೇ ಫೈಲ್ ತಿರುವಿ, ಸೀಲ್ ಹಾಕಿ ಹೋಗಿದ್ದರು. ಮೂರನೇ ಸಲ ಬಂದವರಿಗೆ ಅದು ಮುಚ್ಚಿಟ್ಟ ಹಾಗೆ ಕಂಡಿತು. ಅವಧಿ ಮೀರಿ ಹೋದರೆ ಅಧಿಕಾರಿಗಳಿಗೂ ಮೇಲಿನಿಂದ ಪ್ರಶ್ನೆ ಬರುತ್ತದೆ, ಅದು ನನಗೆ ಗೊತ್ತು. ಹಾಗಂತ ಪ್ರಾಮಾಣಿಕನನ್ನು ಕಳ್ಳ ಅನ್ನಬಹುದಾ? ಇಬ್ಬರಿಗೂ ಗೊತ್ತಿದ್ದ ವಿಷಯವನ್ನು ಒಬ್ಬರು ಹೇಳದಿದ್ದ ಮಾತ್ರಕ್ಕೆ ಮುಚ್ಚಿಟ್ಟಂತಾಗದು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಪುಷ್ಪಂ ಫಾರ್ಮಸ್ಯೂಟಿಕಲ್ಸ್ ಕೇಸಿನಲ್ಲಿ ಹೇಳಿದೆ.

"ಸುಮ್ನೆ ಕಟ್ಟಿ ಕೈತೊಳ್ಕೊಳ್ಳೋಣ ಸಾರ್" ಅಂದರು ಅವರು. ನಾನು ಬೇಡ ಅಂದೆ. 2014ರ ಆಗಸ್ಟ್‌ನಿಂದ ಮೊದಲ ಮೇಲ್ಮನವಿಗೆ ಕೇಳಿದ ಸುಂಕದ ಶೇ. 7.5 ಕಟ್ಟಿದರೆ ಸಾಕು. ಅಲ್ಲಿ ಸೋತು ಟ್ರಿಬ್ಯುನಲ್‌ಗೆ ಹೋದರೆ ಶೇ. 10. ನಾವು ಎರಡೂ ಕಡೆ ಹೋದೆವು. ಕೊನೆಗೆ ಮಾಮೂಲಿ ಅವಧಿಯ ಸುಂಕ ಉಳಿಯಿತು, ಅದನ್ನು ಬಡ್ಡಿ ಸಮೇತ ಕಟ್ಟಿದರು. ಹಿಂದಿನ ವರ್ಷಗಳದ್ದು, ದಂಡ, ಎರಡೂ ಬಿದ್ದುಹೋದವು.

ಸೀಲ್ ಇದ್ದ ಆ ಫೈಲ್ ಸಿಗದಿದ್ದರೆ ಕಷ್ಟವಿತ್ತು. ಜಿಎಸ್‌ಟಿ ಬಂತಲ್ಲ ಅಂತ ಹಳೇ ಕಾಗದವನ್ನೆಲ್ಲ ರದ್ದಿಗೆ ಹಾಕಿದವರನ್ನು ನೋಡಿದ್ದೇನೆ. ನಿಮ್ಮ ಕೇಸು ಇನ್ನೂ ನಡೆಯುತ್ತಿದ್ದರೆ, ದಯವಿಟ್ಟು ಈ ಭಾನುವಾರ ಅಟ್ಟದ ಮೇಲಿನ ಡಬ್ಬಗಳನ್ನು ಇಳಿಸಿ ನೋಡಿ.