ಎಚ್-1ಬಿಯವರಿಗೆ ನಿಜವಾಗಿಯೂ ಕಡಿಮೆ ಸಂಬಳವೇ?

ಹೊರದೇಶದ ಪರಿಣತರು ಅಮೆರಿಕದಲ್ಲಿ ಕೆಲಸ ಮಾಡಲು ಪಡೆಯುವ ಎಚ್-1ಬಿ ವೀಸಾದ ವಿರುದ್ಧ ಅಲ್ಲಿ ಏಳುವ ಕೂಗು ಭಾರತೀಯರ ಮೇಲಿನ ದ್ವೇಷವೋ, ಇಲ್ಲವೇ ನಮ್ಮವರು ನಿಜವಾಗಿಯೂ ಕಡಿಮೆ ಸಂಬಳಕ್ಕೆ ದುಡಿದು ಅಲ್ಲಿಯವರ ಕೆಲಸಕ್ಕೆ ಕುತ್ತು ತರುತ್ತಿದ್ದಾರೋ ಎಂದು ಪರಿಚಿತರು ಮತ್ತೆ ಮತ್ತೆ ಕೇಳುತ್ತಾರೆ. ದ್ವೇಷವಿರುವುದನ್ನು ಅಲ್ಲಗಳೆಯಲಾರೆ. ಆದರೆ ಸಂಬಳದ ದೂರಿಗೂ ಅದೇ ಹಣೆಪಟ್ಟಿ ಹಚ್ಚಿ ಪಕ್ಕಕ್ಕಿಡುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಆ ದೂರಿನ ಬೇರು ಕಾನೂನಿನ ಲೆಕ್ಕಾಚಾರದಲ್ಲೇ ಇದೆ.

ಎಚ್-1ಬಿ ನೌಕರನಿಗೆ ಸಂಸ್ಥೆಯು, ತನ್ನ ಇತರ ನೌಕರರಿಗೆ ಅದೇ ಕೆಲಸಕ್ಕೆ ಕೊಡುವ ಸಂಬಳ ಮತ್ತು ಆ ಪ್ರದೇಶದ ಪ್ರಚಲಿತ ವೇತನ, ಇವೆರಡರಲ್ಲಿ ಹೆಚ್ಚಿನದನ್ನು ಕೊಡಬೇಕು ಎಂಬುದು ನಿಯಮ. ಓದಲು ಚೆನ್ನಾಗಿಯೇ ಇದೆ. ಪ್ರಚಲಿತ ವೇತನಕ್ಕೆ ಮಾತ್ರ ನಾಲ್ಕು ಹಂತಗಳಿವೆ. ಒಂದು ಊರಿನಲ್ಲಿ ಒಂದೇ ಬಗೆಯ ಕೆಲಸ ಮಾಡುವ ನೂರು ಮಂದಿಯನ್ನು ಸಂಬಳದ ಏರಿಕೆಯ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ, ಕೆಳಗಿನಿಂದ ಸುಮಾರು 17ನೆಯವರ ಸಂಬಳ ಮೊದಲ ಹಂತ, 34ನೆಯವರದು ಎರಡನೆಯದು. ನಟ್ಟನಡುವಿನ 50 ಬರುವುದು ಮೂರನೆಯದರಲ್ಲಿ, 67 ಕೊನೆಯದರಲ್ಲಿ. ಅಂದರೆ ವಿರಳ ಕೌಶಲವನ್ನು ಹೊರಗಿನಿಂದ ತರುತ್ತೇವೆ ಎನ್ನುವ ಸಂಸ್ಥೆ ಆ ಊರಿನ ನಡುವಣ ನೌಕರನಿಗಿಂತ ಕಡಿಮೆ ಕೊಟ್ಟೂ ಕಾನೂನನ್ನು ಅಕ್ಷರಶಃ ಪಾಲಿಸಬಹುದು. 2019ರ ಅಂಕಿಗಳನ್ನು ಪರಿಶೀಲಿಸಿದ ಎಕನಾಮಿಕ್ ಪಾಲಿಸಿ ಇನ್‌ಸ್ಟಿಟ್ಯೂಟ್‌ಗೆ ಶೇ. 60ರಷ್ಟು ಎಚ್-1ಬಿ ಹುದ್ದೆಗಳು ಈ ಕೆಳಗಿನ ಎರಡು ಹಂತಗಳಲ್ಲೇ ಕಂಡವು. (ಅದು ಕಾರ್ಮಿಕರ ಪರ ಒಲವುಳ್ಳ ಸಂಸ್ಥೆ, ನಿಜ, ಅಂಕಿಗಳು ಸರ್ಕಾರದವೇ.)

ವೀಸಾಕ್ಕೂ ಮೊದಲು ಕಾರ್ಮಿಕ ಇಲಾಖೆಗೆ ಸಲ್ಲಿಸುವ ಅರ್ಜಿಯಲ್ಲಿ ಹಂತವನ್ನು ಗುರುತಿಸುವುದು ಸಂಸ್ಥೆಯೇ. ಕಾರ್ಮಿಕ ಇಲಾಖೆ ಏಳು ಕೆಲಸದ ದಿನಗಳೊಳಗೆ ಅರ್ಜಿ ಪೂರ್ಣವಾಗಿದೆಯೇ, ಎದ್ದು ಕಾಣುವ ತಪ್ಪಿದೆಯೇ ಎಂದಷ್ಟೇ ನೋಡಿ ಮುದ್ರೆ ಒತ್ತುತ್ತದೆ. ಅದಕ್ಕಿಂತ ಸೂಕ್ಷ್ಮವಾದ ಸಂಗತಿ ಇನ್ನೊಂದಿದೆ: ಹಂತವು ವ್ಯಕ್ತಿಯ ಅನುಭವವನ್ನಲ್ಲ, ಹುದ್ದೆ ಬೇಡುವ ಅನುಭವವನ್ನು ಅವಲಂಬಿಸಿರುತ್ತದೆ. ನನ್ನ ಪರಿಚಿತರೊಬ್ಬರಿಗೆ ಎಂಟು ವರ್ಷಗಳ ಅನುಭವವಿತ್ತು; ಹುದ್ದೆಗೆ ಪದವಿಯಷ್ಟೇ ಸಾಕೆಂದು ಅರ್ಜಿಯಲ್ಲಿ ಬರೆದಿದ್ದರಿಂದ ಅವರು ಕಾಗದದ ಮೇಲೆ ಮೊದಲ ಹಂತದ ಹೊಸಬರಾಗಿಯೇ ಉಳಿದರು.

ಎಚ್-1ಬಿ ನೌಕರರನ್ನೇ ಹೆಚ್ಚಾಗಿ ನೆಚ್ಚಿಕೊಂಡ ಸಂಸ್ಥೆಗಳು ಮೊದಲು ಸ್ಥಳೀಯರನ್ನು ಹುಡುಕಬೇಕೆಂಬ ಷರತ್ತನ್ನು 1998ರಲ್ಲಿ ತಂದರು, ಜೊತೆಗೆ ವರ್ಷಕ್ಕೆ 60,000 ಡಾಲರ್ ಸಂಬಳ ಕೊಟ್ಟರೆ ಆ ಷರತ್ತಿನಿಂದ ವಿನಾಯಿತಿಯನ್ನೂ ಇಟ್ಟರು. ಬೆಲೆಯೇರಿಕೆಯನ್ನು ಲೆಕ್ಕಕ್ಕೆ ಹಿಡಿದಿದ್ದರೆ ಆ ಮೊತ್ತ ಇಷ್ಟರಲ್ಲಿ ಒಂದು ಲಕ್ಷ ದಾಟಬೇಕಿತ್ತು. ಅದು ಇಂದಿಗೂ 60,000ವೇ.

ಇನ್ನು ಪಕ್ಷಪಾತದ ಮಾತು. ವೀಸಾದವರಿಗೆಂದು ಮೊದಲೇ ಗೊತ್ತುಮಾಡಿದ ಹುದ್ದೆಗಳನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸದೆ, ಅಂಚೆಯಲ್ಲಿ ಬಂದ ಅರ್ಜಿಗಳನ್ನಷ್ಟೇ ಸ್ವೀಕರಿಸಿತೆಂಬ ಆರೋಪ ಫೇಸ್‌ಬುಕ್ ಮೇಲೆ ಬಂದಿತ್ತು. 2021ರಲ್ಲಿ ಅದು 1.425 ಕೋಟಿ ಡಾಲರ್‌ವರೆಗೆ ತೆರಲು ಒಪ್ಪಿ ನ್ಯಾಯಾಂಗ ಇಲಾಖೆಯೊಡನೆ ರಾಜಿಯಾಯಿತು. ಇದನ್ನು ಭಾರತೀಯರ ಮೇಲಿನ ಮಮತೆ ಎಂದು ಓದುವವರು ಒಂದು ಅಂಶವನ್ನು ಮರೆಯುತ್ತಾರೆ. ಕೆಲಸ ಹೋದರೆ ವೀಸಾದವರಿಗಿರುವುದು ಹೆಚ್ಚೆಂದರೆ 60 ದಿನಗಳ ಗಡುವು. ಯಾವುದೇ ಒಂದು ದೇಶದವರಿಗೆ ಅಲ್ಲಿ ಶಾಶ್ವತವಾಗಿ ನೆಲೆಸಲು ಬಿಡುವ ಗ್ರೀನ್ ಕಾರ್ಡ್‌ಗಳಲ್ಲಿ ಶೇ. 7ರ ಮಿತಿ ಇರುವುದರಿಂದ ಭಾರತದಲ್ಲಿ ಹುಟ್ಟಿದವರ ಸರತಿ ದಶಕಗಳಷ್ಟು ಉದ್ದವಾಗಿದೆ. ಕೆಲಸ ಬದಲಿಸಿದರೆ ಆ ಕಾರ್ಡಿನ ಬಹುಪಾಲು ಕಡತವನ್ನು ಹೊಸದಾಗಿ ಮಾಡಿಸಬೇಕು. ಸಂಬಳ ಹೆಚ್ಚಿಸಿ ಎಂದು ಗಟ್ಟಿಯಾಗಿ ಕೇಳಲಾಗದ ನೌಕರ ಯಾವ ಮಾಲೀಕನಿಗೆ ಬೇಡ?

2025ರ ಸೆಪ್ಟೆಂಬರ್‌ನಲ್ಲಿ ಹೊರದೇಶದಿಂದ ಬರುವವರ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಣೆಯಾಯಿತು. ಆ ಹಣ ಸೇರುವುದು ಸರ್ಕಾರಕ್ಕೆ. ವೇತನದ ಹಂತಗಳು ಅದರಿಂದ ಕದಲಲಿಲ್ಲ. ಮೊದಲ ಹಂತವನ್ನು 17ರಿಂದ 45ಕ್ಕೆ ಏರಿಸುವ ನಿಯಮವನ್ನು 2020ರ ಅಕ್ಟೋಬರ್‌ನಲ್ಲಿ ತಂದಿದ್ದರು. ಸಾರ್ವಜನಿಕರ ಅಭಿಪ್ರಾಯ ಕೇಳದೆ ಅವಸರದಲ್ಲಿ ಜಾರಿಮಾಡಿದ್ದರಿಂದ ಅದು ಡಿಸೆಂಬರ್‌ನಲ್ಲೇ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಗುರಿ ಸರಿಯಿತ್ತು, ದಾರಿ ತಪ್ಪಿತ್ತು ಎಂದೇ ನನ್ನ ಎಣಿಕೆ.

ಈ ಪ್ರಶ್ನೆ ಕೇಳಿದವರು ಸ್ವತಃ ಎಚ್-1ಬಿಯಲ್ಲಿದ್ದರೆ ನಾನು ಮರುಪ್ರಶ್ನೆ ಹಾಕುತ್ತೇನೆ: ಕಾರ್ಮಿಕ ಇಲಾಖೆಗೆ ಸಂಸ್ಥೆ ಕೊಟ್ಟ ನಿಮ್ಮ ಅರ್ಜಿಯಲ್ಲಿ ಯಾವ ಹಂತವೆಂದು ಬರೆದಿದ್ದಾರೆ? ಕೆಲಸಕ್ಕೆ ಸೇರುವ ದಿನದೊಳಗೆ ಅದರ ಪ್ರತಿಯನ್ನು ನೌಕರನಿಗೆ ಕೊಡುವುದು ಕಡ್ಡಾಯ. ಅದನ್ನು ತೆರೆದು ನೋಡಿದವರು ನನಗೆ ಹೆಚ್ಚು ಮಂದಿ ಸಿಕ್ಕಿಲ್ಲ.