ರಟ್ಟಿನ ಬೋರ್ಡನ್ ಮನೆ: ಸೋದರಮಾವನ ಪಿನ್ನು ಎಲ್ಲಿ ಚುಚ್ಚಲಿ?

ಈ ಮಾದರಿ ಮನೆ ಕಟ್ಟೋಕೆ ಹಿಡಿದು ಮೂರನೇ ವಾರ. ಕೆಳಮಹಡಿ ಮುಗೀತು, ಮೇಲಿನದು ಅರ್ಧ. ಫ್ರಿಜ್ ಬಂದ ಡಬ್ಬದ ರಟ್ಟು, ಅಡಿಗೆ ಕಾಲು ಇಂಚಿನ ಲೆಕ್ಕ. ಹೊಸಬರಿಗೆ ಹೇಳಿಬಿಡ್ತೀನಿ, ಇದು ಅಮೆರಿಕದ ಫಾಲ್ ರಿವರ್ ಊರಿನ ಮನೆ. 1892ರ ಆಗಸ್ಟ್ 4ರ ಬೆಳಿಗ್ಗೆ ಆಂಡ್ರ್ಯೂ ಬೋರ್ಡನ್, ಅವನ ಎರಡನೇ ಹೆಂಡತಿ ಆಬಿ ಇಬ್ಬರನ್ನೂ ಇಲ್ಲೇ ಕೊಡಲಿಯಲ್ಲಿ ಕೊಚ್ಚಿದ್ದು. ಮಗಳು ಲಿಜ್ಜಿಗೆ 1893ರ ಜೂನ್‌ನಲ್ಲಿ ಖುಲಾಸೆ ಆಯ್ತು. ಕೊಂದವರು ಇವತ್ತಿಗೂ ಸಿಕ್ಕಿಲ್ಲ.

ಈ ವಾರವೆಲ್ಲ ಜಾನ್ ಮೋರ್ಸ್‌ಗೇ ಹೋಯ್ತು. ಲಿಜ್ಜಿಯ ತೀರಿಹೋದ ತಾಯಿಯ ತಮ್ಮ. ಹಿಂದಿನ ಮಧ್ಯಾಹ್ನ ಒಂದು ಬ್ಯಾಗೂ ಇಲ್ಲದೆ ಬಂದ, ರಾತ್ರಿ ಅತಿಥಿ ಕೋಣೆಯಲ್ಲಿ ಮಲಗಿದ. ಬೆಳಿಗ್ಗೆ ಆಬಿ ಹೆಣವಾಗಿ ಬಿದ್ದಿದ್ದು ಅದೇ ಮಂಚದ ಪಕ್ಕ. ಲಿಜ್ಜಿ ರಾತ್ರಿ ಮನೆಗೆ ಬಂದವಳು ಅವನನ್ನು ಮಾತಾಡಿಸದೆ ನೆಟ್ಟಗೆ ಮೇಲೆ ಹೋದಳು.

ಅಮ್ಮ ಕಾಫಿ ಲೋಟವನ್ನ ನನ್ನ ರಟ್ಟಿನ ಹಿತ್ತಲಲ್ಲೇ ಇಟ್ಟು, "ಮಾವ ಬಂದವ್ನೆ, ಮುಖ ತೋರಿಸೋಕೂ ಬರ್ಲಿಲ್ವಾ? ಅಲ್ಲೇ ಏನೋ ಐತೆ ಕಣೋ" ಅಂದ್ರು. ಲೋಟದ ಗುಂಡು ಕಲೆ ಅಲ್ಲೇ ಉಳೀತು. ಸರಿ, ಬೇರಿಕಾಯಿ ಮರಕ್ಕೆ ಅದೇ ಪಾತಿ!

ಯಾಕಂದ್ರೆ ಎಲ್ಲರೂ ಹಿಡಿದುಕೊಳ್ಳೋದು ಆ ಮರವನ್ನೇ. ಬೆಳಿಗ್ಗೆ ನೆಂಟರ ಮನೆಗೆ ಹೋಗಿ 11.45ರ ಹೊತ್ತಿಗೆ ವಾಪಸ್ ಬಂದ ಮೋರ್ಸ್ ಮನೆಯೊಳಗೆ ಕಾಲಿಡದೆ ಹಿತ್ತಲಿಗೆ ಹೋಗಿ ಬೇರಿಕಾಯಿ ತಿಂದ. ಒಳಗೆ ಎರಡು ಹೆಣ. ಕೇಳೋಕೆ ಭಯಂಕರವಾಗಿದೆ, ಆದರೆ ಆಗಸ್ಟ್ ಬಿಸಿಲಲ್ಲಿ ಬಂದವನು, ಮಧ್ಯಾಹ್ನದ ಊಟಕ್ಕೆ ಕರೆದಿದ್ದಾರೆ, ವಿಷಯ ಗೊತ್ತಿಲ್ಲ ಅಂದ್ರೆ ನಾನೂ ತಿಂತಿದ್ದೆ.

ನನಗೆ ಕಸಿವಿಸಿ ಆಗೋದು ಅವನ ಲೆಕ್ಕ ಒಪ್ಪಿಸುವ ರೀತಿ. ಎಲ್ಲಿದ್ದೆ ಅಂದ್ರೆ ಕೇಳಿದ್ದಕ್ಕಿಂತ ಜಾಸ್ತಿ ವಿವರ. ನಾನು ಶನಿವಾರ ಕ್ಯಾತ್ಸಂದ್ರದಿಂದ ಟೌನ್‌ಹಾಲ್‌ಗೆ ಬಂದ ಬಸ್ಸಿನ ನಂಬರು ಇಳಿಯುವಷ್ಟರಲ್ಲೇ ಮರೆತಿದ್ದೆ, ಚಿಲ್ಲರೆ ಕೊಡದ ಕಂಡಕ್ಟರ್ ಮೀಸೆ ಮಾತ್ರ ಮರೆತಿಲ್ಲ. ಆದರೂ ವೇಬಾಸೆಟ್ ಬೀದಿಯ ನೆಂಟರು 'ಹೌದು, ನಮ್ಮಲ್ಲೇ ಇದ್ದ' ಅಂದಿದ್ದಾರೆ.

ಮೇಲ್ಮಹಡಿ ಜೋಡಿಸಿದಾಗ ಇನ್ನೊಂದು ಕಂಡಿತು. ಓಣಿಯೇ ಇಲ್ಲ. ಮುಂದಿನ ಮೆಟ್ಟಿಲು ಹತ್ತಿದರೆ ಅತಿಥಿ ಕೋಣೆ, ಲಿಜ್ಜಿ ಕೋಣೆ. ಅವಳ ಕೋಣೆಗೂ ಹಿಂದಿನ ಅಪ್ಪ ಅಮ್ಮನ ಕೋಣೆಗೂ ನಡುವಿನ ಬಾಗಿಲಿಗೆ ಚಿಲಕ. ಆಬಿ ಸತ್ತಿದ್ದು ಸುಮಾರು 9.30ಕ್ಕೆ, ಆಂಡ್ರ್ಯೂ 11ರ ಆಸುಪಾಸು. ಕೊಂದವನು ಹೊರಗಿನವನಾದ್ರೆ ಅಷ್ಟು ಹೊತ್ತು ಈ ಬೆಂಕಿಪೊಟ್ಟಣದಂಥ ಮನೇಲಿ ಅಡಗಿರಬೇಕು. ಮೋರ್ಸ್ 9ಕ್ಕೆ ಮೊದಲೇ ಹೊರಟಿದ್ದ.

ಮೋರ್ಸ್ ಮೇಲಿನ ಅನುಮಾನದ ಕೆಂಪು ಪಿನ್ನನ್ನ ಮೆಟ್ಟಿಲಿಂದ ಕಿತ್ತು, ಅವನಿಗೆ ಹಳದಿಯದನ್ನ ಕಾಫಿ ಕಲೆ ಮೇಲೆ ಚುಚ್ಚಿದೆ. ಅಮ್ಮ ಒಪ್ಪಿಲ್ಲ. ಹಿಂದಿನ ಮೆಟ್ಟಿಲು ಅರ್ಧ ಇಂಚು ಗಿಡ್ಡ ಬಂದಿದೆ, ಭಾನುವಾರ ಮತ್ತೆ ಕತ್ತರಿಸಬೇಕು.