ಬೀದರ್ ಥಂಡಿಯಲ್ಲಿ ಬಿಜಲಿ ಈದದ್ದು

ಎಳ್ಳಮಾವಾಸ್ಯೆ ಹತ್ತಿರ ಬಂತೆಂದರೆ ಬೀದರ್‌ನಲ್ಲಿ ಥಂಡಿ ಮೂಳೆಗೆ ತಾಗುತ್ತದೆ. 2,000 ಅಡಿಗೂ ಎತ್ತರದ ಬಯಲು ನಮ್ಮದು, ಗಾಳಿಗೆ ಅಡ್ಡ ಏನೂ ಇಲ್ಲ. ಬೆಳಗಿನ ಜಾವ 10 ಡಿಗ್ರಿಗಿಂತ ಕೆಳಗೆ ಇಳಿಯುವುದೂ ಉಂಟು. ಅಂಥ ಹೊತ್ತಲ್ಲೇ ನಮ್ಮ ಬಿಜಲಿಗೆ ದಿನ ತುಂಬಿದ್ದವು.

ಮಹಾರಾಷ್ಟ್ರದ ನಾಂದೇಡ್ ಕಡೆಯ ಮಾಳೇಗಾಂವ್ ಖಂಡೋಬಾ ಜಾತ್ರೆಯಿಂದ ಅಪ್ಪ ಕೊಂಡು ತಂದ ಬಿಳಿ ಕುದುರೆ ಅದು. ಮದುವೆ ಮೆರವಣಿಗೆಗೆ ಹೋಗುತ್ತಾಳೆ. ಗಬ್ಬ ಎಂದು ಗೊತ್ತಾದ ಮೇಲೂ ಬ್ಯಾಂಡಿನವರು ಕೇಳುತ್ತಲೇ ಇದ್ದರು, ಅಪ್ಪ ಒಪ್ಪಲಿಲ್ಲ. ಕುದುರೆ ಸುಮಾರು 11 ತಿಂಗಳು ಹೊರುತ್ತದೆ. ಮರಿ ಜಾಸ್ತಿ ಬೆಳೆಯುವುದು ಕೊನೆಯ ಮೂರು ತಿಂಗಳಲ್ಲೇ. ಆಗ ಅವಳ ಮೇಲೆ ಮದುಮಗನನ್ನು ಕೂರಿಸಿ, ಕಿವಿ ಪಕ್ಕದಲ್ಲಿ ಪಟಾಕಿ ಹೊಡೆಯುವುದು ನನಗಂತೂ ಪಾಪ ಅನಿಸುತ್ತದೆ.

ಮನೆಯಲ್ಲಿ ಎಲ್ಲರಿಗೂ ಥಂಡಿಯದ್ದೇ ಚಿಂತೆ. "ಕೊಟ್ಟಿಗ್ಯಾಗ ಒಂದ್ ಶೇಗಡಿ ಇಡ್ರೋ, ಬಾಣಂತಿಗಿ ಕಾವು ಬೇಕು" ಎಂದು ಅಜ್ಜಿ. ಅಪ್ಪ ತಾಡಪತ್ರಿ ತಂದು ನಾಲ್ಕೂ ಕಡೆ ಮುಚ್ಚಲು ಹೊರಟರು. ತಡೆದವರು ಮೊದಲು ಟಾಂಗಾ ಓಡಿಸುತ್ತಿದ್ದ ಓಣಿಯ ಚಾಚಾ. "ಥಂಡಿ ಕುದುರಿಗಿ ಏನೂ ಮಾಡಂಗಿಲ್ಲ ಬೇಟಾ. ಹಸಿ ನೆಲ ಮಾಡ್ತದ, ಗಾಳಿ ಹೊಡತ ಮಾಡ್ತದ."

ನಂದಿನಗರದ ಪಶುವೈದ್ಯಕೀಯ ಕಾಲೇಜಿನ ಡಾಕ್ಟರ್ ಹೇಳಿದ್ದೂ ಇದನ್ನೇ. ಚಳಿಗಾಲಕ್ಕೆ ಕುದುರೆಯ ಕೂದಲು ತಾನೇ ದಪ್ಪ ಆಗುತ್ತದೆ. ಒದ್ದೆ ಮೈಯಲ್ಲಿ ನೆಲಕ್ಕೆ ಬೀಳುವುದು ಮರಿ, ಕಾಯಬೇಕಾದ್ದು ಅದನ್ನು. ಪೂರ್ತಿ ಮುಚ್ಚಿದರೆ ಉಚ್ಚೆಯ ಘಾಟು ಒಳಗೇ ನಿಂತು ಎಳೇ ಪುಪ್ಪುಸಕ್ಕೆ ಕೇಡು. ಹಾಗಾಗಿ ಗಾಳಿ ಬರುವ ಕಡೆ ಮಾತ್ರ ತಾಡಪತ್ರಿ ಕಟ್ಟಿ, ತಗಡಿನ ಕೆಳಗೆ ಸಂದು ಬಿಟ್ಟೆವು. ಒಣ ಹುಲ್ಲಿನ ನಡುವೆ ಕೆಂಡ ಬೇಡವೆಂದು ಅಜ್ಜಿಯೂ ಒಪ್ಪಿದರು.

ಹಳೆಯ ಹಾಸು ಪೂರ್ತಿ ತೆಗೆದು, ನೆಲ ತೊಳೆದು, ಚೆನ್ನಾಗಿ ಒಣಗಿಸಿದೆವು. ನಮ್ಮಲ್ಲಿ ಕೈಗೆ ಸಿಗುವುದು ಜೋಳದ ಕಣಕಿ, ಆದರೆ ಅದರ ದಂಟು ಮರಿಗೆ ಚುಚ್ಚುತ್ತದೆ. ಕಟ್ಟಿಗೆ ಪುಡಿ ಒದ್ದೆ ಮೂಗಿಗೆ ಮೆತ್ತಿಕೊಳ್ಳುತ್ತದೆ. ಕೇಳಿಕೊಂಡು ಗೋಧಿ ಹುಲ್ಲು ತಂದು ಮೊಣಕಾಲುದ್ದ ಹಾಸಿದೆವು. ಇನ್ನೊಂದು ಮಾತು, ಥಂಡಿಯಲ್ಲಿ ಕುದುರೆ ನೀರು ಕಡಿಮೆ ಕುಡಿಯುತ್ತದೆ, ಹೊಟ್ಟೆ ಕಟ್ಟುತ್ತದೆ. ಅದಕ್ಕೆ ಉಗುರುಬೆಚ್ಚಗಿನ ನೀರು.

ಕೆಚ್ಚಲು ಮೊದಲೇ ತುಂಬಿತ್ತು. ಒಂದು ಸಂಜೆ ಟಾರ್ಚ್ ಹಿಡಿದು ನೋಡಿದರೆ ಎರಡೂ ಮೊಲೆಯ ತುದಿಯಲ್ಲಿ ಹಳದಿ ಮೇಣದಂಥ ಹನಿ ಗಟ್ಟಿಯಾಗಿ ಅಂಟಿತ್ತು. ಬಾಲದ ಬುಡ ಮುಟ್ಟಿದರೆ ಮೆತ್ತಗೆ. ಚಾಚಾ ಅಂದೇ ಕಂಬಳಿ ತಂದು ಹೊರಗೆ ಕೂತರು. ಕುದುರೆ ಈಯುವುದು ಹೆಚ್ಚಾಗಿ ರಾತ್ರಿ, ಯಾರೂ ಕಾಡದ ಹೊತ್ತಲ್ಲಿ.

ಮಧ್ಯರಾತ್ರಿ ದಾಟಿದ ಮೇಲೆ ಆ ಥಂಡಿಯಲ್ಲೂ ಬಿಜಲಿಯ ಕುತ್ತಿಗೆ ಬೆವರಿತು. ಮಲಗಿದಳು, ಎದ್ದಳು, ಮತ್ತೆ ಮಲಗಿದಳು. ನೀರು ಒಡೆಯಿತು. ನನಗೆ ಭಯ ಇದ್ದದ್ದು ಒಂದೇ: ಬಿಳಿ ಪೊರೆಯ ಬದಲು ಕೆಂಪು ಚೀಲ ಕಂಡರೆ ತಕ್ಷಣ ಹರಿಯಬೇಕು, ಇಲ್ಲದಿದ್ದರೆ ಮರಿಗೆ ಉಸಿರಿಲ್ಲ ಎಂದು ಡಾಕ್ಟರ್ ಹೇಳಿದ್ದರು. ಕಂಡದ್ದು ಬಿಳಿ ಪೊರೆಯೇ. ಅದರೊಳಗೆ ಒಂದು ಕಾಲು ಸ್ವಲ್ಪ ಮುಂದೆ, ಇನ್ನೊಂದು ಹಿಂದೆ, ಮೇಲೆ ಮೂಗು. ಎಳೆಯಲು ಕೈ ಹಾಕಿದ ಅಪ್ಪನನ್ನು ಚಾಚಾ ಸುಮ್ಮನಿರಿಸಿದರು. ಅರ್ಧ ಗಂಟೆಯೊಳಗೆ ಮರಿ ಹುಲ್ಲಿನ ಮೇಲಿತ್ತು.

ಮೈಯಿಂದ ಹಬೆ ಏಳುತ್ತಿತ್ತು. ಅಜ್ಜಿಯ ಹಳೆ ಸೀರೆ, ಟವೆಲ್ ಹಿಡಿದು ಒಣಗುವವರೆಗೆ ತಿಕ್ಕಿದೆವು. ಇನ್ನೊಂದು ಕಡೆಯಿಂದ ಬಿಜಲಿ ನೆಕ್ಕುತ್ತಿದ್ದಳು. ಅವಳು ಎದ್ದಾಗ ಹೊಕ್ಕುಳಬಳ್ಳಿ ತಾನೇ ಹರಿಯಿತು, ಅದಕ್ಕೆ ತೆಳು ಅಯೋಡಿನ್ ಹಚ್ಚಿದೆವು. ಗಂಟೆಯೊಳಗೆ ಎದ್ದು ನಿಂತ ಮರಿ ಅವಳ ಎದೆ, ಮುಂಗಾಲು, ಕೊನೆಗೆ ಗೋಡೆಯನ್ನೂ ಚೀಪಿ ನೋಡಿ ಕೆಚ್ಚಲು ಹುಡುಕಿತು. ಗಿಣ್ಣದ ಹಾಲು ಎಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಆಸೆ. ಅದು ಎಮ್ಮೆಯದ್ದಾದರೆ ಸರಿ. ಇದರ ಒಂದೊಂದು ಹನಿಯೂ ಮರಿಗೇ ಸೇರಬೇಕು, ರೋಗ ತಡೆಯುವ ಶಕ್ತಿ ಅದಕ್ಕೆ ಆ ಹಾಲಿನಿಂದಲೇ ಬರುವುದು.

ಈದ ಮೂರು ಗಂಟೆಯೊಳಗೆ ಕಸ, ಅಂದರೆ ಮಾಸು, ಬಿತ್ತು. ಬಕೆಟ್‌ನಲ್ಲಿ ಮುಚ್ಚಿಟ್ಟೆವು. ಬೆಳಿಗ್ಗೆ ಬಂದ ಡಾಕ್ಟರ್ ಅದನ್ನು ನೆಲಕ್ಕೆ ಹಾಸಿ, ಒಳಗೆ ತುಂಡು ಉಳಿದಿಲ್ಲ ಎಂದು ನೋಡಿಕೊಂಡೇ ಎದ್ದರು.

ಈದು ಎಂಟು ಹತ್ತು ದಿನಕ್ಕೇ ಕುದುರೆ ಮತ್ತೆ ಬೆದೆಗೆ ಬರುತ್ತದೆ. ಆಗಲೇ ಗಂಡು ಕುದುರೆ ಹಾರಿಸಿಬಿಡಿ ಎಂದು ಒಬ್ಬರು ಅಪ್ಪನಿಗೆ ಹೇಳಿದರು. "ಈ ಸಲ ಬ್ಯಾಡ, ಆಕಿ ಸುಧಾರಿಸ್ಕೊಳ್ಳಿ" ಎಂದರು ಅಪ್ಪ. ನನಗೂ ಅದೇ ಸರಿ ಕಂಡಿತು.